ಜರಡಿ ಮತ್ತು ತಕ್ಕಡಿ

ಗ್ರಂಥಗಳು ವಿರಳವಾಗಿದ್ದ ಕಾಲದಲ್ಲಿ ಓದುಗನ ಮುಂದಿದ್ದ ಕಷ್ಟವೆಂದರೆ ಬೇಕಾದ ಗ್ರಂಥವನ್ನು ದೊರಕಿಸಿಕೊಳ್ಳುವುದು. ತಾಳೆಯೋಲೆಯ ಒಂದು ಪ್ರತಿಗಾಗಿ ವಿದ್ಯಾರ್ಥಿಗಳು ಊರಿಂದ ಊರಿಗೆ ಹೋಗಬೇಕಾಗುತ್ತಿತ್ತು. ಇಂದು ಆ ಕಷ್ಟವು ತಿರುವುಮುರುವಾಗಿದೆ. ಕಂಪ್ಯೂಟರಿನ ಮುಂದೆ ಕುಳಿತವನಿಗೆ ಲಕ್ಷಾಂತರ ಬರಹಗಳು ಕ್ಷಣಮಾತ್ರದಲ್ಲಿ ಎದುರಾಗುತ್ತವೆ. ಅವುಗಳಲ್ಲಿ ತನಗೆ ಬೇಕಾದುದು ಯಾವುದೆಂದು ಅರಿಯುವುದೇ ಕಷ್ಟವಾಗಿದೆ. ಈ ಕಾರ್ಯದಲ್ಲಿ ನಮಗೆ ನೆರವಾಗುವ ಸಾಧನವೇ ಶೋಧಯಂತ್ರ. ಹೆಸರಿಗೆ ಯಂತ್ರವಾದರೂ ಅದು ಕಬ್ಬಿಣದ ಚಕ್ರಗಳಿಂದಾದುದಲ್ಲ. ಕಂಪ್ಯೂಟರಿಗೆ ಬರೆದುಕೊಟ್ಟ ಆಜ್ಞೆಗಳ ಸಮೂಹ. ಅದು ಮಾಡುವ ಕೆಲಸವನ್ನು ರೈತನ ಮನೆಯ ಎರಡು ಸಾಧನಗಳಿಗೆ ಹೋಲಿಸಬಹುದು. ಒಂದು ಜರಡಿ, ಇನ್ನೊಂದು ತಕ್ಕಡಿ. ಬೇಡವಾದುದನ್ನು ಬೇರ್ಪಡಿಸುವುದು ಜರಡಿಯ ಕೆಲಸ. ಉಳಿದುದರ ಹೆಚ್ಚು ಕಡಿಮೆಗಳನ್ನು ನಿರ್ಣಯಿಸುವುದು ತಕ್ಕಡಿಯ ಕೆಲಸ. ಇವೆರಡರ ಸ್ವರೂಪವನ್ನು ತಿಳಿಯದೆ ಶೋಧಯಂತ್ರವನ್ನು ಬಳಸುವವನು ತನಗೆ ದೊರೆತುದನ್ನು ಮಾತ್ರ ಕಾಣುತ್ತಾನೆ. ತಾನು ಕಳೆದುಕೊಂಡುದನ್ನು ಕಾಣಲಾರ.

ಹುಡುಕುವ ಕಾರ್ಯಕ್ಕೆ ಆಧಾರವಾದ ಉಪಾಯವು ಕಂಪ್ಯೂಟರಿಗಿಂತ ಬಹಳ ಹಳೆಯದು. ಹದಿಮೂರನೆಯ ಶತಮಾನದ ಪೂರ್ವಾರ್ಧದಲ್ಲಿ ಪ್ಯಾರಿಸ್ ನಗರದ ಡೊಮಿನಿಕನ್ ಸನ್ಯಾಸಿಗಳು ಸೇಂಟ್ ಷೆರ್‌ನ ಹ್ಯೂ ಎಂಬ ವಿದ್ವಾಂಸನ ನೇತೃತ್ವದಲ್ಲಿ ಬೈಬಲ್ಲಿನ ಪದಗಳನ್ನು ಅಕಾರಾದಿಯಾಗಿ ಜೋಡಿಸಿ, ಪ್ರತಿಯೊಂದು ಪದವೂ ಯಾವ ಯಾವ ಸ್ಥಳದಲ್ಲಿ ಬಂದಿದೆಯೆಂಬುದನ್ನು ಗುರುತಿಸಿದರು. ಕನ್ನಡದ ಪ್ರಾಚೀನ ಕಾವ್ಯಗಳಿಗೂ ನಮ್ಮ ವಿದ್ವಾಂಸರು ಇಂತಹ ಪದಪ್ರಯೋಗ ಕೋಶಗಳನ್ನು ಸಿದ್ಧಪಡಿಸಿದ್ದಾರೆ. ಗ್ರಂಥದಲ್ಲಿ ನಾವು ಪುಟದಿಂದ ಪದಕ್ಕೆ ಹೋಗುತ್ತೇವೆ. ಪದಸೂಚಿಯಲ್ಲಿ ಪದದಿಂದ ಪುಟಕ್ಕೆ ಬರುತ್ತೇವೆ. ಶೋಧಯಂತ್ರವೂ ಮಾಡುವುದು ಇದನ್ನೇ. ನಾವು ಪ್ರಶ್ನೆ ಕೇಳಿದ ಮೇಲೆ ಅದು ಎಲ್ಲ ಬರಹಗಳನ್ನೂ ಓದಲು ತೊಡಗುವುದಿಲ್ಲ. ಬಹು ಮೊದಲೇ ಓದಿ, ಪದಸೂಚಿಯನ್ನು ರಚಿಸಿ ಇಟ್ಟುಕೊಂಡಿರುತ್ತದೆ. ‘ಮಳೆ’ ಎಂಬ ಪದವು 2, 5, 9 ಮತ್ತು 14ನೆಯ ಬರಹಗಳಲ್ಲಿಯೂ ‘ಬೆಳೆ’ ಎಂಬ ಪದವು 5, 7, 14 ಮತ್ತು 20ನೆಯ ಬರಹಗಳಲ್ಲಿಯೂ ಬಂದಿವೆಯೆನ್ನೋಣ. ಎರಡೂ ಪದಗಳಿರುವ ಬರಹಗಳು ಬೇಕೆಂದರೆ ಯಂತ್ರವು ಎರಡು ಪಟ್ಟಿಗಳನ್ನು ಹೋಲಿಸಿ 5 ಮತ್ತು 14 ಎಂದು ಒಡನೆಯೇ ಉತ್ತರ ಕೊಡುತ್ತದೆ. ಅದರ ವೇಗದ ರಹಸ್ಯವಿರುವುದು ಈ ಪೂರ್ವಸಿದ್ಧತೆಯಲ್ಲಿ.

ಪಟ್ಟಿಗಳನ್ನು ಹೀಗೆ ಕೂಡಿಸುವ ಮತ್ತು ಕಳೆಯುವ ತರ್ಕವನ್ನು ನಮಗೆ ಕೊಟ್ಟವನು ಜಾರ್ಜ್ ಬೂಲ್. 1815ರಲ್ಲಿ ಇಂಗ್ಲೆಂಡಿನ ಲಿಂಕನ್ ಎಂಬಲ್ಲಿ ಒಬ್ಬ ಚಮ್ಮಾರನ ಮಗನಾಗಿ ಹುಟ್ಟಿದ ಈತನು ವಿಶ್ವವಿದ್ಯಾಲಯದ ಮೆಟ್ಟಿಲನ್ನು ಹತ್ತದೆ, ಸ್ವಂತ ಪರಿಶ್ರಮದಿಂದ ಗಣಿತವನ್ನು ಕಲಿತು, 1849ರಲ್ಲಿ ಐರ್ಲೆಂಡಿನ ಕಾರ್ಕ್ ನಗರದ ಕಾಲೇಜಿನಲ್ಲಿ ಪ್ರಾಧ್ಯಾಪಕನಾದನು. ಮನುಷ್ಯನು ಆಲೋಚಿಸುವ ಕ್ರಮವನ್ನು ಬೀಜಗಣಿತದ ರೂಪದಲ್ಲಿ ಬರೆಯಬಹುದೆಂದು 1854ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಆತನು ತೋರಿಸಿದನು. ‘ಮತ್ತು’, ‘ಅಥವಾ’, ‘ಅಲ್ಲದ’ ಎಂಬ ಮೂರು ಸಣ್ಣ ಪದಗಳೇ ಈ ಬೀಜಗಣಿತದ ಚಿಹ್ನೆಗಳು. ಶೋಧಯಂತ್ರದ ಜರಡಿಯನ್ನು ಹೆಣೆದಿರುವುದು ಈ ಮೂರು ಎಳೆಗಳಿಂದ.

ಒಂದು ಉದಾಹರಣೆಯಿಂದ ಇದನ್ನು ಸ್ಪಷ್ಟಪಡಿಸಿಕೊಳ್ಳಬಹುದು. ರಾಗಿಯ ಬೆಳೆಗೆ ತಗಲುವ ಬೆಂಕಿ ರೋಗದ ವಿಷಯವನ್ನು ಒಬ್ಬ ವಿದ್ಯಾರ್ಥಿಯು ತಿಳಿಯಬಯಸುತ್ತಾನೆ. ಆತನು ‘ಬೆಂಕಿ’ ಎಂದಷ್ಟೇ ಕೇಳಿದರೆ ಅಗ್ನಿ ಅನಾಹುತದ ಸುದ್ದಿಗಳೆಲ್ಲ ಬಂದು ರಾಶಿ ಬೀಳುತ್ತವೆ. ‘ಬೆಂಕಿ ರೋಗ’ ಎಂಬ ಎರಡು ಪದಗಳೂ ಒಂದರ ಮುಂದೊಂದು ಇರಬೇಕೆಂದು ಉದ್ಧರಣ ಚಿಹ್ನೆಗಳೊಳಗೆ ಬರೆದು ಕೇಳಿದರೆ ಆ ಸುದ್ದಿಗಳು ಸೋಸಿಹೋಗುತ್ತವೆ. ಪದಸೂಚಿಯಲ್ಲಿ ಪದವಿರುವ ಬರಹದ ಸಂಖ್ಯೆಯಷ್ಟೇ ಅಲ್ಲದೆ, ಅದು ಆ ಬರಹದಲ್ಲಿ ಎಷ್ಟನೆಯ ಪದವೆಂಬುದನ್ನೂ ಬರೆದಿಟ್ಟಿರುವುದರಿಂದ ಇದು ಸಾಧ್ಯವಾಗುತ್ತದೆ. ಇನ್ನು ರಾಗಿ, ಭತ್ತಗಳೆರಡರ ರೋಗವೂ ಬೇಕೆಂದು ಆತನು ‘ರಾಗಿ ಅಥವಾ ಭತ್ತ ಮತ್ತು ಬೆಂಕಿ ರೋಗ’ ಎಂದು ಬರೆದನೆನ್ನೋಣ. ಗುಣಾಕಾರವನ್ನು ಸಂಕಲನಕ್ಕಿಂತ ಮೊದಲು ಮಾಡುವಂತೆ, ‘ಮತ್ತು’ ಎಂಬುದನ್ನು ‘ಅಥವಾ’ ಎಂಬುದಕ್ಕಿಂತ ಮೊದಲು ಅನ್ವಯಿಸುವುದು ಬೂಲನ ತರ್ಕದಲ್ಲಿ ಬಂದ ರೂಢಿ. ಆಗ ಭತ್ತದ ಬೆಂಕಿ ರೋಗದ ಬರಹಗಳ ಜೊತೆಗೆ ರಾಗಿಯ ಹೆಸರಿರುವ ಸಕಲ ಬರಹಗಳೂ, ಮುದ್ದೆ ಮಾಡುವ ವಿಧಾನವೂ ಸೇರಿ, ಎದುರಿಗೆ ಬರುತ್ತವೆ. ‘(ರಾಗಿ ಅಥವಾ ಭತ್ತ) ಮತ್ತು “ಬೆಂಕಿ ರೋಗ”’ ಎಂದು ಆವರಣ ಹಾಕಿ ಬರೆದರೆ ಮಾತ್ರ ಅಭಿಪ್ರಾಯವು ಯಂತ್ರಕ್ಕೆ ಸರಿಯಾಗಿ ಮುಟ್ಟುತ್ತದೆ.

‘ಅಲ್ಲದ’ ಎಂಬ ಪದವು ಇನ್ನೂ ಹರಿತವಾದುದು. ತನಗೆ ಭತ್ತದ ವಿಷಯ ಬೇಡವೆಂದು ಆ ವಿದ್ಯಾರ್ಥಿಯು ‘ಭತ್ತ ಅಲ್ಲದ’ ಎಂದು ಸೇರಿಸಿದರೆ, ಭತ್ತವೆಂಬ ಪದ ಒಂದೇ ಒಂದು ಸಲ ಬಂದಿರುವ ಬರಹವೂ ಹೊರಗೆ ಬೀಳುತ್ತದೆ. ಆದರೆ ರಾಗಿಯ ಬೆಂಕಿ ರೋಗಕ್ಕೂ ಭತ್ತದ ಬೆಂಕಿ ರೋಗಕ್ಕೂ ಕಾರಣ ಒಂದೇ ಕುಲದ ಶಿಲೀಂಧ್ರ. ಎರಡು ಬೆಳೆಗಳನ್ನೂ ಹೋಲಿಸಿ ಬರೆದ ಲೇಖನವೇ ಆತನಿಗೆ ಎಲ್ಲಕ್ಕಿಂತ ಉಪಯುಕ್ತವಾದುದಾಗಿರಬಹುದು. ಅದನ್ನು ಆತನು ತನ್ನ ಕೈಯಾರೆ ಹೊರಕ್ಕೆ ತಳ್ಳಿದಂತಾಯಿತು. ಯಂತ್ರವು ಈ ವಿಷಯದಲ್ಲಿ ಎಚ್ಚರಿಸುವುದಿಲ್ಲ. ಹೇಳಿದುದನ್ನು ಹೇಳಿದಂತೆ ಮಾಡುವುದಷ್ಟೇ ಅದಕ್ಕೆ ಗೊತ್ತು.

ನಮ್ಮ ಭಾಷೆಯ ಸ್ವಭಾವದಿಂದಲೂ ಒಂದು ತೊಡಕುಂಟು. ಕನ್ನಡದಲ್ಲಿ ನಾಮಪದವು ವಿಭಕ್ತಿ ಪ್ರತ್ಯಯಗಳನ್ನು ತನ್ನೊಡನೆ ಕೂಡಿಸಿಕೊಂಡೇ ನಡೆಯುತ್ತದೆ. ಮರ, ಮರವನ್ನು, ಮರಕ್ಕೆ, ಮರದಲ್ಲಿ, ಮರಗಳು ಇವೆಲ್ಲವೂ ನಮಗೆ ಒಂದೇ ಪದದ ರೂಪಗಳು. ವ್ಯಾಕರಣವನ್ನು ಕಲಿಯದ ಯಂತ್ರಕ್ಕೆ ಬೇರೆ ಬೇರೆ ಪದಗಳು. ‘ಮರ’ ಎಂದು ಆರಂಭವಾಗುವ ಎಲ್ಲವನ್ನೂ ತಾ ಎಂದು ಕೇಳಿದರೆ ಈ ರೂಪಗಳೆಲ್ಲ ಬರುತ್ತವೆ, ನಿಜ. ಅವುಗಳ ಬೆನ್ನಹಿಂದೆಯೇ ಮರಣವೂ ಮರಳೂ ಬರುತ್ತವೆ. ಆದ್ದರಿಂದ ಕನ್ನಡದ ಶೋಧಯಂತ್ರವನ್ನು ರಚಿಸುವವರು ಪ್ರಕೃತಿ ಪ್ರತ್ಯಯಗಳನ್ನು ಬಿಡಿಸುವ ನಿಯಮಗಳನ್ನು ಅದಕ್ಕೆ ಕಲಿಸಬೇಕಾಗುತ್ತದೆ. ತರಗತಿಯಲ್ಲಿ ನೀರಸವೆಂದು ತೋರುವ ವ್ಯಾಕರಣವು ಇಲ್ಲಿ ನಿತ್ಯೋಪಯೋಗಿಯಾದ ವಿದ್ಯೆಯಾಗುತ್ತದೆ.

ಹಾಗಾದರೆ ಒಳ್ಳೆಯ ಪ್ರಶ್ನೆಯನ್ನು ರಚಿಸುವ ಬಗೆ ಯಾವುದು? ಇದಕ್ಕೆ ದಾರಿ ತೋರಿದವರಲ್ಲಿ ನಮ್ಮ ದೇಶದ ಎಸ್. ಆರ್. ರಂಗನಾಥನ್ ಪ್ರಮುಖರು. ಗಣಿತದ ಅಧ್ಯಾಪಕರಾಗಿದ್ದು, 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಇವರು, 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿದರು. ಓದುಗನ ಸಮಯವನ್ನು ಉಳಿಸಬೇಕೆಂಬುದು ಅವುಗಳಲ್ಲಿ ನಾಲ್ಕನೆಯದು. ಒಂದು ವಿಷಯವನ್ನು ಒಂದೇ ಮುದ್ದೆಯಾಗಿ ನೋಡದೆ ಅದರ ಮುಖಗಳನ್ನು ಬಿಡಿಸಿ ನೋಡಬೇಕೆಂಬುದು 1933ರಲ್ಲಿ ಪ್ರಕಟವಾದ ಅವರ ವರ್ಗೀಕರಣ ಪದ್ಧತಿಯ ಜೀವಾಳ. ಅವರು ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. 1962ರಲ್ಲಿ ಅವರ ಮುಂದಾಳುತನದಲ್ಲಿ ಅಲ್ಲಿ ಸ್ಥಾಪಿತವಾದ ಸಂಶೋಧನ ಮತ್ತು ತರಬೇತಿ ಕೇಂದ್ರದಲ್ಲಿ ಈ ವಿಚಾರಗಳು ಬೆಳೆದವು.

ಈ ರೀತಿಯಲ್ಲಿ ನಮ್ಮ ವಿದ್ಯಾರ್ಥಿಯ ಪ್ರಶ್ನೆಯನ್ನು ಬಿಡಿಸಿದರೆ, ಬೆಳೆ ಯಾವುದು, ರೋಗ ಯಾವುದು, ತಿಳಿಯಬೇಕಾದುದು ರೋಗದ ಹರಡುವಿಕೆಯೋ ನಿವಾರಣೆಯೋ, ಪ್ರದೇಶ ಯಾವುದು, ಕಾಲ ಯಾವುದು ಎಂಬ ಐದು ಮುಖಗಳು ದೊರೆಯುತ್ತವೆ. ಪ್ರತಿಯೊಂದು ಮುಖಕ್ಕೂ ಬಳಕೆಯಲ್ಲಿರುವ ಎಲ್ಲ ಹೆಸರುಗಳನ್ನು ಬರೆದು ‘ಅಥವಾ’ ಎಂಬುದರಿಂದ ಜೋಡಿಸಬೇಕು. ಬೆಂಕಿ ರೋಗವೆಂದು ರೈತನು ಕರೆಯುವುದನ್ನು ವಿಜ್ಞಾನಿಯು ಪೈರಿಕ್ಯುಲೇರಿಯ ಎಂಬ ಶಿಲೀಂಧ್ರದ ಹೆಸರಿನಿಂದ ಕರೆದಿರಬಹುದು, ಎರಡೂ ಹೆಸರುಗಳಿರಬೇಕು. ಅನಂತರ ಒಂದೊಂದು ಮುಖವನ್ನೂ ಆವರಣದೊಳಗಿರಿಸಿ ‘ಮತ್ತು’ ಎಂಬುದರಿಂದ ಕೂಡಿಸಬೇಕು. ಹೀಗೆ ರಚಿತವಾದ ಪ್ರಶ್ನೆಯು ಉದ್ದವಾಗಿ ಕಂಡರೂ ಅದರ ಅನ್ವಯವು ನೇರವಾಗಿರುತ್ತದೆ.

ಜರಡಿಯ ಕಣ್ಣು ಎಷ್ಟು ದೊಡ್ಡದಿರಬೇಕು? ಕಣ್ಣು ಕಿರಿದಾದರೆ ಬೇಕಾದುದೂ ತಪ್ಪಿಹೋಗುತ್ತದೆ. ಹಿರಿದಾದರೆ ಬೇಡವಾದುದೂ ನುಗ್ಗುತ್ತದೆ. ಇಂಗ್ಲೆಂಡಿನ ಕ್ರಾನ್‌ಫೀಲ್ಡ್ ಎಂಬಲ್ಲಿ ಗ್ರಂಥಪಾಲಕರಾಗಿದ್ದ ಸಿರಿಲ್ ಕ್ಲೆವರ್ಡನ್ 1960ರ ದಶಕದಲ್ಲಿ 1400 ಲೇಖನಗಳ ಸಂಗ್ರಹವೊಂದನ್ನಿಟ್ಟುಕೊಂಡು ಇದನ್ನು ಪ್ರಯೋಗಗಳಿಂದ ಪರೀಕ್ಷಿಸಿದರು. ಅಲ್ಲಿ ಬಳಸಿದ ಎರಡು ಅಳತೆಗಳು ಇಂದಿಗೂ ಬಳಕೆಯಲ್ಲಿವೆ. ಒಂದು ಸಂಗ್ರಹದಲ್ಲಿ ನಮಗೆ ಬೇಕಾದ ಲೇಖನಗಳು 20 ಇವೆಯೆನ್ನೋಣ. ಯಂತ್ರವು 25 ಲೇಖನಗಳನ್ನು ತಂದುಕೊಟ್ಟು, ಅವುಗಳಲ್ಲಿ 15 ಮಾತ್ರ ನಮಗೆ ಬೇಕಾದವುಗಳಾದರೆ, ತಂದುದರಲ್ಲಿ ಪ್ರಯೋಜನಕ್ಕೆ ಬಂದುದು ನೂರಕ್ಕೆ 60. ಇದು ನಿಖರತೆ. ಇದ್ದ 20ರಲ್ಲಿ 15 ದೊರೆತುದರಿಂದ ದೊರೆತ ಪ್ರಮಾಣ ನೂರಕ್ಕೆ 75. ಇದು ಸಮಗ್ರತೆ. ಸಾಮಾನ್ಯವಾಗಿ ಒಂದನ್ನು ಏರಿಸಹೊರಟರೆ ಇನ್ನೊಂದು ಇಳಿಯುತ್ತದೆ. ಅಡುಗೆಯ ವಿಧಾನವನ್ನು ಹುಡುಕುವವನಿಗೆ ನಿಖರತೆಯೇ ಸಾಕು. ಒಂದು ಒಳ್ಳೆಯ ಉತ್ತರ ದೊರೆತರೆ ಆತನ ಕೆಲಸ ಮುಗಿಯಿತು. ಔಷಧದ ಅಪಾಯವನ್ನು ಹುಡುಕುವವನಿಗೆ ಸಮಗ್ರತೆ ಅತ್ಯಗತ್ಯ. ಏಕೆಂದರೆ ತಪ್ಪಿಹೋದ ಒಂದು ಲೇಖನದಲ್ಲಿಯೇ ಆ ಅಪಾಯದ ಮಾತಿರಬಹುದು.

ಜರಡಿಯಲ್ಲಿ ಉಳಿದ ಬರಹಗಳು ಸಾವಿರಾರು ಇದ್ದರೆ ಅವುಗಳನ್ನು ಒಂದು ಕ್ರಮದಲ್ಲಿಡಬೇಕಾಗುತ್ತದೆ. ಇಲ್ಲಿಂದ ತಕ್ಕಡಿಯ ಕೆಲಸ. ಕೇಳಿದ ಪದವು ಹೆಚ್ಚು ಸಲ ಬಂದಿರುವ ಬರಹಕ್ಕೆ ಹೆಚ್ಚು ತೂಕವೆಂಬುದು ಸಹಜವಾದ ಮೊದಲ ಆಲೋಚನೆ. ಆದರೆ ಎಲ್ಲ ಪದಗಳೂ ಸಮಾನವಲ್ಲ. ಎಲ್ಲೆಲ್ಲಿಯೂ ಬರುವ ಪದಕ್ಕಿಂತ ಅಪರೂಪವಾದ ಪದಕ್ಕೆ ಹೆಚ್ಚು ಬೆಲೆಯೆಂಬ ತತ್ತ್ವವನ್ನು 1972ರಲ್ಲಿ ಕೇಂಬ್ರಿಜ್‌ನ ವಿದುಷಿ ಕ್ಯಾರೆನ್ ಸ್ಪಾರ್ಕ್ ಜೋನ್ಸ್ ಪ್ರತಿಪಾದಿಸಿದರು. 1000 ಲೇಖನಗಳಲ್ಲಿ ‘ರೋಗ’ ಎಂಬ ಪದ 500ರಲ್ಲಿಯೂ ‘ಪೈರಿಕ್ಯುಲೇರಿಯ’ ಎಂಬ ಪದ 10ರಲ್ಲಿಯೂ ಇದ್ದರೆ, ಒಟ್ಟು ಸಂಖ್ಯೆಯನ್ನು ಇವುಗಳಿಂದ ಭಾಗಿಸಿದಾಗ ಕ್ರಮವಾಗಿ 2 ಮತ್ತು 100 ಬರುತ್ತವೆ. ಹತ್ತರ ಆಧಾರದಲ್ಲಿ ಇವುಗಳ ಲಾಗರಿದಮ್ ಸುಮಾರು 0.3 ಮತ್ತು 2. ಅಂದರೆ ಅಪರೂಪದ ಪದವು ಸಾಮಾನ್ಯ ಪದಕ್ಕಿಂತ ಆರು ಪಟ್ಟಿಗೂ ಹೆಚ್ಚು ತೂಗುತ್ತದೆ. ಮುಂದೆ 1990ರ ದಶಕದಲ್ಲಿ ಲಂಡನ್ನಿನ ಸ್ಟೀಫನ್ ರಾಬರ್ಟ್‌ಸನ್ ಮತ್ತು ಅವರ ಸಂಗಡಿಗರು ರೂಪಿಸಿದ ಬಿಎಂ 25 ಎಂಬ ಸೂತ್ರವು ಇನ್ನೆರಡು ಸೂಕ್ಷ್ಮಗಳನ್ನು ಒಳಗೊಂಡಿತು. ಒಂದು ಪದವನ್ನು ಮತ್ತೆ ಮತ್ತೆ ಬರೆದ ಮಾತ್ರಕ್ಕೆ ತೂಕವು ಮಿತಿಯಿಲ್ಲದೆ ಏರಬಾರದು. ಬರಹವು ಉದ್ದವಾಗಿರುವುದರಿಂದಲೇ ಅದಕ್ಕೆ ಲಾಭವಾಗಬಾರದು. ಅಂತರಜಾಲದ ಪುಟಗಳನ್ನು ತೂಗಲು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸರ್ಗೆ ಬ್ರಿನ್ ಮತ್ತು ಲ್ಯಾರಿ ಪೇಜ್ 1998ರಲ್ಲಿ ಮತ್ತೊಂದು ಅಳತೆಯನ್ನು ಪ್ರಕಟಿಸಿದರು. ಬೇರೆ ಪುಟಗಳು ಯಾವ ಪುಟವನ್ನು ಹೆಚ್ಚು ನಿರ್ದೇಶಿಸುತ್ತವೆಯೋ ಆ ಪುಟಕ್ಕೆ ಹೆಚ್ಚು ಮನ್ನಣೆ. ನಿರ್ದೇಶಿಸುವ ಪುಟವೇ ಮನ್ನಣೆ ಪಡೆದುದಾದರೆ ಆ ನಿರ್ದೇಶನಕ್ಕೆ ಇನ್ನೂ ಹೆಚ್ಚು ಬೆಲೆ.

ಈ ತೂಕಗಳು ದೈವದತ್ತವಾದವುಗಳಲ್ಲ. 1999ರಲ್ಲಿ ಡಗ್ ಕಟಿಂಗ್ ಎಂಬ ತಂತ್ರಜ್ಞರು ಲೂಸೀನ್ ಎಂಬ ಶೋಧಸಾಧನವನ್ನು ಸಿದ್ಧಪಡಿಸಿ ಎಲ್ಲರ ಬಳಕೆಗೂ ಬಿಟ್ಟರು. ಅದರ ತಳಹದಿಯ ಮೇಲೆ ಕಟ್ಟಿದ ಸೋಲರ್, ಇಲಾಸ್ಟಿಕ್‌ಸರ್ಚ್ ಮೊದಲಾದ ಯಂತ್ರಗಳಲ್ಲಿ ಗ್ರಂಥಾಲಯವಾಗಲಿ, ಅಂಗಡಿಯಾಗಲಿ, ಪತ್ರಿಕೆಯಾಗಲಿ ತನಗೆ ಬೇಕಾದಂತೆ ತೂಕದ ಕಲ್ಲುಗಳನ್ನು ಇಟ್ಟುಕೊಳ್ಳಬಹುದು. ಶೀರ್ಷಿಕೆಯಲ್ಲಿ ಬಂದ ಪದಕ್ಕೆ ಒಳಗಿನ ಪದಕ್ಕಿಂತ ಮೂರು ಪಟ್ಟು ಬೆಲೆಯೆನ್ನಬಹುದು. ಹೊಸ ಬರಹಕ್ಕೆ ಹೆಚ್ಚಿನ ಅಂಕ ಕೊಡಬಹುದು. ಇದರ ಪರಿಣಾಮವನ್ನು ಒಂದು ಲೆಕ್ಕದಿಂದ ನೋಡೋಣ. 1958ರ ಒಂದು ಲೇಖನಕ್ಕೆ ಪದಸಾಮ್ಯದಲ್ಲಿ 9 ಅಂಕ, ಹೊಸತನದಲ್ಲಿ 1 ಅಂಕ. 2018ರ ಇನ್ನೊಂದು ಲೇಖನಕ್ಕೆ ಪದಸಾಮ್ಯದಲ್ಲಿ 6, ಹೊಸತನದಲ್ಲಿ 9. ಪದಸಾಮ್ಯವನ್ನಷ್ಟೇ ನೋಡಿದರೆ ಹಳೆಯ ಲೇಖನವೇ ಮುಂದು. ಹೊಸತನದ ಅಂಕದಲ್ಲಿ ಅರ್ಧವನ್ನು ಕೂಡಿಸಿದರೆ ಹಳೆಯದಕ್ಕೆ 9.5, ಹೊಸದಕ್ಕೆ 10.5, ಹೊಸದೇ ಮುಂದಾಗುತ್ತದೆ. ಎರಡು ಲೇಖನಗಳಲ್ಲಿ ಒಂದಕ್ಷರವೂ ಬದಲಾಗಲಿಲ್ಲ. ಬದಲಾದುದು ಒಬ್ಬ ಮನುಷ್ಯನು ಇಟ್ಟ ತೂಕದ ಕಲ್ಲು.

ಹೊಸ ಬರಹಕ್ಕೆ ಹೆಚ್ಚು ಅಂಕ ಕೊಡುವುದು ಬೇರೆ, ಹಳೆಯ ಬರಹವನ್ನು ಬೇಡವೆನ್ನುವುದು ಬೇರೆ. ಮೊದಲನೆಯದರಲ್ಲಿ ಹಳೆಯ ಲೇಖನವು ಕೆಳಗೆ ಸರಿದರೂ ಪಟ್ಟಿಯಲ್ಲಿ ಇದ್ದೇ ಇರುತ್ತದೆ. ತಾಳ್ಮೆಯುಳ್ಳವನು ಅದನ್ನು ಮುಟ್ಟಬಲ್ಲನು. ಎರಡನೆಯದರಲ್ಲಿ ಅದರ ಸುಳಿವೇ ಇರುವುದಿಲ್ಲ. ಜರಡಿಯಲ್ಲಿ ಕಳೆದುಹೋದ ಕಾಳಿಗೆ ತಕ್ಕಡಿಯಲ್ಲಿ ತೂಕವಿಲ್ಲ.

ಈ ಭೇದವು ಕೇವಲ ಪಾಂಡಿತ್ಯದ ಮಾತಲ್ಲವೆಂಬುದಕ್ಕೆ ಒಂದು ದುಃಖದ ನಿದರ್ಶನವಿದೆ. 2001ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಆಸ್ತಮಾ ರೋಗವನ್ನು ಕುರಿತು ಒಂದು ಪ್ರಯೋಗ ನಡೆಯುತ್ತಿತ್ತು. ಆರೋಗ್ಯವಂತರಾದ ಸ್ವಯಂಸೇವಕರು ಹೆಕ್ಸಮೆಥೋನಿಯಂ ಎಂಬ ರಾಸಾಯನಿಕವನ್ನು ಉಸಿರಿನೊಡನೆ ಒಳಗೆಳೆದುಕೊಳ್ಳಬೇಕಾಗಿತ್ತು. ಅವರಲ್ಲಿ ಇಪ್ಪತ್ತನಾಲ್ಕು ವರ್ಷ ವಯಸ್ಸಿನ ಒಬ್ಬ ತರುಣಿಯ ಶ್ವಾಸಕೋಶಗಳು ಹಾನಿಗೊಂಡು, ಆಕೆಯು ಆ ವರ್ಷದ ಜೂನ್ ತಿಂಗಳಿನಲ್ಲಿ ಮೃತಳಾದಳು. ಪ್ರಯೋಗಕ್ಕೆ ಮೊದಲು ಸಂಶೋಧಕರು ಹುಡುಕಿ ನೋಡಿರಲಿಲ್ಲವೆಂದಲ್ಲ. ವೈದ್ಯಕೀಯ ಲೇಖನಗಳ ಪಬ್‌ಮೆಡ್ ಎಂಬ ಸಂಗ್ರಹದಲ್ಲಿ ಹುಡುಕಿದ್ದರು. ಆದರೆ ಅವರ ಆ ಹುಡುಕಾಟವು 1966ಕ್ಕಿಂತ ಹಿಂದಿನ ಲೇಖನಗಳನ್ನು ಮುಟ್ಟಲಿಲ್ಲ. ಈ ರಾಸಾಯನಿಕವು ಶ್ವಾಸಕೋಶಗಳಿಗೆ ಹಾನಿ ಮಾಡಬಹುದೆಂಬ ವರದಿಗಳು 1950ರ ದಶಕದಲ್ಲಿಯೇ ಅಚ್ಚಾಗಿದ್ದವು. ಆ ದುರಂತದ ಹಿಂದೆ ಬೇರೆ ಲೋಪಗಳೂ ಇದ್ದುವು. ಹುಡುಕಾಟದ ಲೋಪವು ಅವುಗಳಲ್ಲಿ ಒಂದು. ಆ ಜುಲೈ ತಿಂಗಳಿನಲ್ಲಿ ಅಲ್ಲಿ ಸರ್ಕಾರದ ಧನಸಹಾಯದಿಂದ ನಡೆಯುತ್ತಿದ್ದ ಮಾನವ ಪ್ರಯೋಗಗಳನ್ನು ಕೆಲಕಾಲ ತಡೆಹಿಡಿಯಲಾಯಿತು. ಎಚ್ಚರಿಕೆಯ ಮಾತು ಗ್ರಂಥಾಲಯದ ಕಪಾಟಿನಲ್ಲಿ ಇತ್ತು. ಜರಡಿಯ ಈಚೆಗೆ ಅದು ಬರಲಿಲ್ಲ.

ಇಂದು ಪಬ್‌ಮೆಡ್ ಸಂಗ್ರಹದಲ್ಲಿ 1966ಕ್ಕಿಂತ ಹಿಂದಿನ ಲಕ್ಷಾಂತರ ಲೇಖನಗಳ ವಿವರಗಳೂ ಸೇರಿವೆ. ಬಹುಕಾಲ ಹೊಸದನ್ನು ಮೊದಲು ತೋರಿಸುತ್ತಿದ್ದ ಅದರ ಕ್ರಮವೂ 2020ರಿಂದ ಬದಲಾಗಿ, ಪ್ರಶ್ನೆಗೆ ಹೆಚ್ಚು ಹೊಂದುವ ಲೇಖನವನ್ನು ಮೊದಲು ತೋರಿಸುವ ರೀತಿಯು ಬಂದಿದೆ. ಸಾಧನಗಳು ಹೀಗೆ ಸುಧಾರಿಸುತ್ತಲೇ ಹೋಗುತ್ತವೆ. ಆದರೂ ಯಾವ ಸಂಗ್ರಹದಲ್ಲಿ ಹುಡುಕುತ್ತಿದ್ದೇನೆ, ಅದರ ಮೇರೆ ಎಲ್ಲಿ, ನನ್ನ ಪ್ರಶ್ನೆಯು ಯಾವುದನ್ನು ಹೊರಗಿಟ್ಟಿತು, ಮೊದಲು ಕಂಡುದು ಯಾವ ತೂಕದಿಂದ ಮೊದಲಾಯಿತು ಎಂಬ ನಾಲ್ಕು ಮಾತುಗಳನ್ನು ಹುಡುಕುವವನು ತಾನೇ ಕೇಳಿಕೊಳ್ಳಬೇಕು. ಪಟ್ಟಿಯ ಮೊದಲಿನಲ್ಲಿರುವುದು ಸತ್ಯವೆಂದೂ ಪಟ್ಟಿಯಲ್ಲಿ ಇಲ್ಲದುದು ಲೋಕದಲ್ಲಿಯೇ ಇಲ್ಲವೆಂದೂ ಭಾವಿಸುವುದು ಸುಲಭ. ಯಂತ್ರವು ನಮ್ಮ ಶ್ರಮವನ್ನು ಉಳಿಸಿಕೊಟ್ಟಿದೆ. ಉಳಿದ ಆ ಶ್ರಮದಲ್ಲಿ ಸ್ವಲ್ಪವನ್ನಾದರೂ ಪ್ರಶ್ನೆಯನ್ನು ಹದಗೊಳಿಸುವುದಕ್ಕೂ ಉತ್ತರವನ್ನು ಪರೀಕ್ಷಿಸುವುದಕ್ಕೂ ಬಳಸುವುದು ವಿದ್ಯಾವಂತನ ಕರ್ತವ್ಯ.

ಪದಗಳ ಅರ್ಥ

ತಿರುವುಮುರುವು – ಹಿಂದುಮುಂದು, ತಲೆಕೆಳಗು
ಅಕಾರಾದಿ – ಅಕ್ಷರಮಾಲೆಯ ಕ್ರಮ
ಶಿಲೀಂಧ್ರ – ಬೂಷ್ಟಿನ ಜಾತಿಯ ಜೀವಿ
ಪ್ರಕೃತಿ – (ವ್ಯಾಕರಣದಲ್ಲಿ) ಪ್ರತ್ಯಯ ಸೇರುವ ಮೊದಲಿನ ಮೂಲರೂಪ
ಜೀವಾಳ – ಸಾರ, ಮುಖ್ಯವಾದ ಅಂಶ
ಪ್ರತಿಪಾದಿಸು – ಆಧಾರಸಹಿತವಾಗಿ ಸ್ಥಾಪಿಸು
ಮೇರೆ – ಎಲ್ಲೆ, ಗಡಿ

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಪದಸೂಚಿಗೂ ಗ್ರಂಥಕ್ಕೂ ಇರುವ ವ್ಯತ್ಯಾಸವೇನು?
2. ಜಾರ್ಜ್ ಬೂಲನ ತರ್ಕದ ಮೂರು ಪದಗಳು ಯಾವುವು?
3. ರಂಗನಾಥನ್ ಅವರ ನಾಲ್ಕನೆಯ ಸೂತ್ರದ ಆಶಯವೇನು?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ‘ಅಲ್ಲದ’ ಎಂಬ ಪದವನ್ನು ಎಚ್ಚರಿಕೆಯಿಂದ ಬಳಸಬೇಕು, ಏಕೆ?
2. ಕನ್ನಡದಲ್ಲಿ ಹುಡುಕುವಾಗ ಉಂಟಾಗುವ ತೊಡಕು ಯಾವುದು?
3. ಒಂದು ಸಂಗ್ರಹದಲ್ಲಿ ಬೇಕಾದ ಲೇಖನಗಳು 40 ಇವೆ. ಯಂತ್ರವು ತಂದ 50 ಲೇಖನಗಳಲ್ಲಿ 30 ಮಾತ್ರ ಬೇಕಾದವು. ನಿಖರತೆ ಮತ್ತು ಸಮಗ್ರತೆಗಳನ್ನು ಕಂಡುಹಿಡಿಯಿರಿ.

ಇ. ವಿವರವಾಗಿ ಉತ್ತರಿಸಿರಿ.
1. ಶೋಧಯಂತ್ರದ ಕೆಲಸಕ್ಕೆ ಜರಡಿ ಮತ್ತು ತಕ್ಕಡಿಗಳ ಹೋಲಿಕೆಯು ಹೇಗೆ ಹೊಂದುತ್ತದೆ?
2. ಬಾಲ್ಟಿಮೋರ್ ನಗರದ ಘಟನೆಯಿಂದ ಹುಡುಕುವವನು ಕಲಿಯಬೇಕಾದುದೇನು?

ಈ. ಭಾಷಾಭ್ಯಾಸ
1. ಬಿಡಿಸಿ ಸಂಧಿಯ ಹೆಸರನ್ನು ತಿಳಿಸಿರಿ: ಲಕ್ಷಾಂತರ, ಪೂರ್ವಾರ್ಧ, ನಿತ್ಯೋಪಯೋಗಿ, ತಾಳೆಯೋಲೆ.
2. ‘ಬೆಳೆ’ ಎಂಬ ಪದವನ್ನು ಏಳು ವಿಭಕ್ತಿಗಳಲ್ಲಿಯೂ ಬರೆಯಿರಿ.

ಉ. ಮಾಡಿ ನೋಡಿರಿ
ಈ ಪಾಠದ ಮೊದಲ ಮೂರು ಪರಿಚ್ಛೇದಗಳಿಂದ ಹತ್ತು ಪದಗಳನ್ನು ಆರಿಸಿ, ಅಕಾರಾದಿಯಾಗಿ ಜೋಡಿಸಿ, ಪ್ರತಿಯೊಂದರ ಮುಂದೆ ಅದು ಬಂದಿರುವ ಪರಿಚ್ಛೇದದ ಸಂಖ್ಯೆಯನ್ನು ಬರೆದು ಒಂದು ಪದಸೂಚಿಯನ್ನು ತಯಾರಿಸಿರಿ.